ಯೀಸ್ಟಿಗೆ ಕ್ಯಾಲೆಂಡರ್ ಗೊತ್ತಿಲ್ಲ

ಮನೆಯಲ್ಲಿ ಬಿಯರ್ ಮಾಡುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: ‘ಎರಡು ವಾರ ಆಯ್ತಲ್ಲ, ಇನ್ನು ಬಾಟಲಿಗೆ ತುಂಬಿಸಿಬಿಡಿ.’ ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಎರಡು ವಾರ ಸಾಲದು, ಮೂರು ವಾರ ಕಾಯಿರಿ ಎಂಬುದು ನನ್ನ ತಕರಾರಲ್ಲ. ಒಂದೊಂದು ಬಿಯರಿಗೆ ಎಂಟು ದಿನ ಸಾಕಾಗುತ್ತದೆ, ಇನ್ನೊಂದಕ್ಕೆ ತಿಂಗಳೂ ಸಾಲದು. ಬಿಯರ್ ಬಾಟಲಿಗೆ ಸಿದ್ಧವಾಗಿದೆಯೇ ಎಂಬ ಪ್ರಶ್ನೆಗೆ ದಿನಗಳ ಲೆಕ್ಕ ಉತ್ತರವೇ ಅಲ್ಲ. ಹಾಗಿದ್ದೂ ಅದನ್ನೇ ಉತ್ತರವೆಂದು ಹೊಸಬರಿಗೆ ಹೇಳಿಕೊಡುವವರು ತಮ್ಮ ಅಜಾಗರೂಕತೆಯನ್ನು ಅನುಭವವೆಂದು ಕರೆದುಕೊಳ್ಳುತ್ತಿದ್ದಾರೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. 1880ರಲ್ಲಿ ಗ್ಲಾಡ್‌ಸ್ಟನ್ ತಂದ ಕಾನೂನು ಇಲ್ಲಿ ಮನೆಬಳಕೆಗೆ ಬಿಯರ್ ಮಾಡುವವರೂ ಲೈಸೆನ್ಸ್ ಪಡೆಯಬೇಕೆಂದು ವಿಧಿಸಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಲ್ಲಿಂದೀಚೆಗೆ ಮಾರದೆ ಇರುವ ತನಕ ಯಾರು ಬೇಕಾದರೂ ಮನೆಯಲ್ಲಿ ಬಿಯರ್ ಮಾಡಬಹುದು. (ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾನೂನಿನಡಿ ಅಪರಾಧ. ಇದನ್ನು ಓದಿ ಅಲ್ಲಿ ಯಾರೂ ಬಕೆಟ್ ತೊಳೆದಿಡಬೇಕಾಗಿಲ್ಲ.) ಅಂಗಡಿಯಲ್ಲಿ ಡಬ್ಬಿಯೊಂದು ಸಿಗುತ್ತದೆ. ಅದರೊಳಗೆ ಜೋನಿಬೆಲ್ಲದಂತಹ ಮಾಲ್ಟಿನ ಪಾಕ, ಒಂದು ಪುಟ್ಟ ಪೊಟ್ಟಣದಲ್ಲಿ ಯೀಸ್ಟ್. 23 ಲೀಟರಿನ ಬಕೆಟ್‌ನಲ್ಲಿ ನೀರು ಬೆರೆಸಿ, ಯೀಸ್ಟ್ ಉದುರಿಸಿ, ಮುಚ್ಚಳ ಹಾಕಿ ಇಟ್ಟರೆ ಕೆಲಸ ಶುರುವಾಗುತ್ತದೆ. ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಎಷ್ಟು ದಿನಕ್ಕೆ ಬಾಟಲಿಗೆ ಹಾಕಬೇಕೆಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆ ಕಾಗದ ಬರೆದವರು ನನ್ನ ಅಡುಗೆಮನೆಗೆ ಯಾವತ್ತೂ ಬಂದವರಲ್ಲ. ಜನವರಿಯ ರಾತ್ರಿ ಹೀಟರ್ ಆರಿದ ಮೇಲೆ ಆ ಕೋಣೆ ಎಷ್ಟು ತಣ್ಣಗಾಗುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ಬಾಟಲಿಯೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೊರಹಾಕುತ್ತದೆ. ತೂಕದ ಲೆಕ್ಕದಲ್ಲಿ ತಿಂದ ಸಕ್ಕರೆಯ ಅರ್ಧದಷ್ಟು ಅನಿಲವಾಗುತ್ತದೆ. ಬಕೆಟ್‌ನಲ್ಲಿದ್ದಾಗ ಆ ಅನಿಲ ಮುಚ್ಚಳದ ನಳಿಕೆಯಿಂದ ಹೊರಟುಹೋಗುತ್ತದೆ. ಹುದುಗು ಪೂರ್ತಿ ಮುಗಿದ ಮೇಲೆ ನಾವು ಲೀಟರಿಗೆ ಸುಮಾರು ಆರು ಗ್ರಾಂ ಸಕ್ಕರೆಯನ್ನು ಬೇಕೆಂದೇ ಬೆರೆಸಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚುತ್ತೇವೆ. ಉಳಿದ ಯೀಸ್ಟ್ ಆ ಸಕ್ಕರೆಯನ್ನು ತಿನ್ನುತ್ತದೆ, ಅನಿಲ ಹೊರಹೋಗಲು ದಾರಿಯಿಲ್ಲದೆ ಬಿಯರಿನಲ್ಲಿ ಕರಗುತ್ತದೆ. ನೊರೆ ಬರುವುದು ಹೀಗೆ. ಎಲ್ಲವೂ ಸರಿಯಾಗಿ ನಡೆದಾಗಲೂ 20 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿಟ್ಟ ಆ ಬಾಟಲಿಯೊಳಗಿನ ಒತ್ತಡ ಹೆಚ್ಚುಕಡಿಮೆ ಕಾರಿನ ಟೈರಿನಷ್ಟಿರುತ್ತದೆ.

ಈಗ ಹುದುಗು ಮುಗಿಯುವ ಮುಂಚೆಯೇ ತುಂಬಿದಿರಿ ಎಂದುಕೊಳ್ಳಿ. ಬಿಯರಿನಲ್ಲಿ ಲೀಟರಿಗೆ ಇನ್ನೂ ಎಂಟು ಗ್ರಾಂನಷ್ಟು ತಿನ್ನಬಲ್ಲ ಸಕ್ಕರೆ ಉಳಿದಿತ್ತು ಅನ್ನಿ. ಅರ್ಧ ಲೀಟರಿನ ಬಾಟಲಿಗೆ ಅದು ನಾಲ್ಕು ಗ್ರಾಂ, ಅಂದರೆ ಒಂದು ಟೀ ಚಮಚ. ನಾಲಿಗೆಗೆ ಅದು ಗೊತ್ತಾಗುವುದು ಕಷ್ಟ, ಕಣ್ಣಿಗಂತೂ ಕಾಣುವುದೇ ಇಲ್ಲ. ಆದರೆ ಆ ಒಂದು ಚಮಚ, ನೀವು ಅಳೆದು ಹಾಕಿದ ಸಕ್ಕರೆಯ ಜೊತೆ ಸೇರಿದರೆ ಒತ್ತಡ ಎರಡರಷ್ಟಾಗುತ್ತದೆ. ಸಾಮಾನ್ಯ ಬಿಯರ್ ಬಾಟಲಿಯನ್ನು ಅಂಥ ಒತ್ತಡಕ್ಕೆಂದು ಮಾಡಿರುವುದಿಲ್ಲ. ಕೆಲವು ತಡೆಯುತ್ತವೆ, ಕೆಲವು ಮುಚ್ಚಳ ತೆಗೆದೊಡನೆ ಕಾರಂಜಿಯಾಗುತ್ತವೆ, ಕೆಲವು ಸಿಡಿಯುತ್ತವೆ. ಸಿಡಿದ ಗಾಜು ಕೋಣೆಯಾಚೆಗೂ ಹಾರುತ್ತದೆ. ಒಂದು ಸಿಡಿದರೆ ಪಕ್ಕದವೂ ಒಡೆಯುತ್ತವೆ. ಇಲ್ಲಿನವರು ಇವಕ್ಕೆ ‘ಬಾಟಲ್ ಬಾಂಬ್’ ಎನ್ನುತ್ತಾರೆ. ನಗುತ್ತಾ ಅನ್ನುತ್ತಾರೆ ಎಂಬುದೇ ನನಗೆ ಅರ್ಥವಾಗದ ವಿಷಯ.

ದಿನ ಎಣಿಸುವವರನ್ನು ಒಂದು ಪ್ರಶ್ನೆ ಕೇಳಬೇಕು: ನಿಮ್ಮ ಮನೆಯಲ್ಲಿ ದೋಸೆಹಿಟ್ಟು ಎಷ್ಟು ಗಂಟೆಗೆ ಹುದುಗು ಬರುತ್ತದೆ? ದಾವಣಗೆರೆಯ ಏಪ್ರಿಲ್ ರಾತ್ರಿಯ ಹಿಟ್ಟಿಗೂ ಲೀಡ್ಸಿನ ಜನವರಿಯ ಹಿಟ್ಟಿಗೂ ಇರುವ ವ್ಯತ್ಯಾಸ ಇಲ್ಲಿರುವ ಪ್ರತಿಯೊಂದು ಕನ್ನಡ ಮನೆಗೂ ಗೊತ್ತು. ಓವನ್ನಿನೊಳಗೆ ದೀಪವೊಂದನ್ನೇ ಹಚ್ಚಿ, ಪಾತ್ರೆಗೆ ಟವೆಲ್ ಸುತ್ತಿ, ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ, ಉಬ್ಬಿಲ್ಲವೆಂದರೆ ಉಪ್ಪಿಟ್ಟಿಗೆ ರವೆ ಹುರಿಯುತ್ತೇವೆ. ‘ಎಂಟು ಗಂಟೆ ಆಯ್ತಲ್ಲ, ಉಬ್ಬಿದೆ ಅಂದುಕೊಂಡು ಹುಯ್ದುಬಿಡೋಣ’ ಎಂದು ಯಾರೂ ಹೇಳುವುದಿಲ್ಲ. ದೋಸೆಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ಅದೇ ಮನುಷ್ಯ ಬಿಯರಿನ ಬಕೆಟ್ ಮುಂದೆ ನಿಂತಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ.

ಕ್ಯಾಲೆಂಡರ್ ಬಿಟ್ಟವರು ಗುಳ್ಳೆಗೆ ಹೋಗುತ್ತಾರೆ. ಬಕೆಟ್ಟಿನ ಮುಚ್ಚಳಕ್ಕೆ ಸಿಕ್ಕಿಸುವ ಏರ್‌ಲಾಕ್ ಎಂಬ ಪುಟ್ಟ ನಳಿಕೆಯಲ್ಲಿ ಸ್ವಲ್ಪ ನೀರಿರುತ್ತದೆ. ಅನಿಲ ಅದರ ಮೂಲಕ ಗುಳುಗುಳು ಎಂದು ಹೊರಹೋಗುತ್ತದೆ. ಗುಳ್ಳೆ ನಿಂತರೆ ಹುದುಗು ಮುಗಿಯಿತು ಎಂಬುದು ಇವರ ಶಾಸ್ತ್ರ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅನಿಲ ಪಕ್ಕದ ಸಂದಿಯಿಂದಲೇ ಹೋಗುತ್ತದೆ. ಆಗ ಒಳಗೆ ಭರ್ಜರಿ ಹುದುಗು ನಡೆಯುತ್ತಿದ್ದರೂ ಒಂದು ಗುಳ್ಳೆಯೂ ಏಳುವುದಿಲ್ಲ. ಇನ್ನೊಂದು ಕಡೆ, ಹುದುಗು ಮುಗಿದು ವಾರವಾಗಿದ್ದರೂ ಮಧ್ಯಾಹ್ನ ಕೋಣೆ ಬೆಚ್ಚಗಾದರೆ ಕರಗಿದ್ದ ಅನಿಲ ಬಿಟ್ಟುಕೊಂಡು ಗುಳ್ಳೆಗಳು ಬರುತ್ತವೆ. ಏರ್‌ಲಾಕ್ ಹೇಳುವುದು ತನ್ನ ಮೂಲಕ ಗಾಳಿ ಹೋಯಿತೇ ಇಲ್ಲವೇ ಎಂಬುದನ್ನಷ್ಟೇ. ಸಕ್ಕರೆ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಸಕ್ಕರೆ ಎಷ್ಟು ಉಳಿದಿದೆ ಎಂಬುದನ್ನು ಹೇಳುವ ಸಾಧನವೊಂದಿದೆ, ಮತ್ತು ಕರ್ನಾಟಕದ ಹಳ್ಳಿಯವರಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಹಾಲಿನ ಡೈರಿಯಲ್ಲಿ ಕ್ಯಾನಿನ ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಲು ಇಳಿಬಿಡುವ ಲ್ಯಾಕ್ಟೋಮೀಟರ್ ಇದೆಯಲ್ಲ, ಹೈಡ್ರೋಮೀಟರ್ ಅದೇ ಜಾತಿಯದು. ದಪ್ಪ ದ್ರವದಲ್ಲಿ ಮೇಲೆ ತೇಲುತ್ತದೆ, ತೆಳುವಾದದ್ದರಲ್ಲಿ ಮುಳುಗುತ್ತದೆ. ಶುದ್ಧ ನೀರಿನಲ್ಲಿ ಅದು ತೋರಿಸುವುದು 1.000. ಸಾಧಾರಣ ಬಿಯರಿನ ಸಿಹಿನೀರು ಯೀಸ್ಟ್ ಹಾಕುವ ಮುಂಚೆ 1.048 ತೋರಿಸಬಹುದು. ಯೀಸ್ಟ್ ಸಕ್ಕರೆ ತಿಂದಂತೆಲ್ಲ ಅಂಕಿ ಇಳಿಯುತ್ತಾ ಬರುತ್ತದೆ. ಡೈರಿಯ ಕಾರ್ಯದರ್ಶಿಗೆ ‘ನನ್ನ ಮೇಲೆ ನಂಬಿಕೆ ಇಡಿ, ಇಪ್ಪತ್ತು ವರ್ಷದಿಂದ ಹಾಲು ಕರೆಯುತ್ತಿದ್ದೇನೆ’ ಎಂದರೆ ಅವರು ನಕ್ಕು ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ.

ಹಾಗಾದರೆ ಅಂಕಿ ಇಳಿಯುವುದು ನಿಂತರೆ ಮುಗಿಯಿತೇ? ಇಲ್ಲಿ ಹೈಡ್ರೋಮೀಟರ್ ಇಟ್ಟುಕೊಂಡವರ ಜೊತೆಗೂ ನನ್ನ ಜಗಳವಿದೆ. ‘ಮೂರು ದಿನ ಒಂದೇ ಅಂಕಿ ಬಂದರೆ ತುಂಬಿಸಿ’ ಎಂಬುದು ಅವರ ಸೂತ್ರ. ಕ್ಯಾಲೆಂಡರಿಗಿಂತ ನೂರು ಪಾಲು ವಾಸಿ, ಒಪ್ಪುತ್ತೇನೆ. ಆದರೆ ನಿಂತದ್ದೆಲ್ಲ ಮುಗಿದದ್ದಲ್ಲ. ಕೋಣೆ ತಣ್ಣಗಾದರೆ ಯೀಸ್ಟ್ ತಳಕ್ಕೆ ಕುಳಿತು ಮಲಗಿಬಿಡುತ್ತದೆ. ಮೂರು ದಿನವಲ್ಲ, ಹತ್ತು ದಿನ ಅಳೆದರೂ 1.020 ಎಂದೇ ತೋರಿಸುತ್ತದೆ. ಅದನ್ನು ನಂಬಿ ಫೆಬ್ರವರಿಯಲ್ಲಿ ತುಂಬಿಸಿಟ್ಟ ಬಾಟಲಿಯ ಯೀಸ್ಟ್ ಜೂನ್ ತಿಂಗಳ ಸೆಕೆಗೆ ಎಚ್ಚರವಾಗುತ್ತದೆ. ಬಾಟಲಿಯೊಳಗೆ ಊಟ ಕಾದಿರುತ್ತದೆ.

ಆದ್ದರಿಂದ ಅಂಕಿ ನಿಂತಿದೆಯೇ ಎಂಬುದರ ಜೊತೆಗೆ ಅದು ಎಲ್ಲಿ ನಿಲ್ಲಬೇಕಿತ್ತು ಎಂಬುದೂ ಗೊತ್ತಿರಬೇಕು. ಯೀಸ್ಟಿನ ಪೊಟ್ಟಣದ ಮೇಲೆ ಅಥವಾ ಅದನ್ನು ಮಾಡುವವರ ವಿವರದಲ್ಲಿ ಅದು ಶೇಕಡಾ ಎಷ್ಟು ಇಳಿಸುತ್ತದೆ ಎಂದು ಕೊಟ್ಟಿರುತ್ತಾರೆ. 75 ಎಂದಿದ್ದರೆ, 48ರಲ್ಲಿ 36 ಇಳಿದು 12 ಉಳಿಯಬೇಕು, ಅಂದರೆ 1.012ರ ಆಸುಪಾಸು. ಪೂರ್ತಿ 1.000ಕ್ಕೆ ಇಳಿಯದಿರಲು ಕಾರಣವಿದೆ. ಮಾಲ್ಟಿನಲ್ಲಿ ಸಾಮಾನ್ಯ ಯೀಸ್ಟ್ ತಿನ್ನಲಾರದ ಉದ್ದ ಸರಪಣಿಯ ಸಕ್ಕರೆಗಳೂ ಇರುತ್ತವೆ. ಮಾಲ್ಟನ್ನು ಎಷ್ಟು ಬಿಸಿಯಲ್ಲಿ ನೆನೆಹಾಕಿದರು ಎಂಬುದರ ಮೇಲೆ ಅವು ಹೆಚ್ಚುಕಡಿಮೆ ಆಗುತ್ತವೆ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಹಳೆಯ, ಸರಳವಾದ ದಾರಿಯೊಂದಿದೆ. ಯೀಸ್ಟ್ ಹಾಕಿದ ದಿನವೇ ಒಂದು ಲೋಟದಷ್ಟು ಬೇರೆ ತೆಗೆದು, ಅದಕ್ಕೆ ಇನ್ನಷ್ಟು ಯೀಸ್ಟ್ ಸೇರಿಸಿ, ಬಿಗಿಯದೆ ಸಡಿಲವಾಗಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಟ್ಟು, ಆಗಾಗ ಅಲುಗಾಡಿಸುತ್ತಿರಿ. ಆ ಲೋಟದ್ದು ಕೆಲವೇ ದಿನಗಳಲ್ಲಿ ತಾನು ಇಳಿಯಬಲ್ಲಷ್ಟು ಇಳಿದು ನಿಲ್ಲುತ್ತದೆ. ಬಕೆಟ್ಟಿನದು ಮುಟ್ಟಬೇಕಾದ ಅಂಕಿ ಅದೇ. ಮುಟ್ಟಿಲ್ಲವೆಂದರೆ ಬಕೆಟ್ಟನ್ನು ಬೆಚ್ಚಗಿನ ಕಡೆ ಸರಿಸಿ, ತಳದ ಯೀಸ್ಟ್ ಮೇಲೇಳುವಂತೆ ಮೆಲ್ಲಗೆ ಅಲ್ಲಾಡಿಸಿ, ಕಾಯಬೇಕು.

ಅಲ್ಲಿಗೂ ಎರಡು ಅಪವಾದಗಳಿವೆ. ಡಯಾಸ್ಟಾಟಿಕಸ್ ಎಂಬ ಯೀಸ್ಟ್ ಬಗೆ ಇದೆ. ಬೇರೆ ಯೀಸ್ಟುಗಳು ಬಿಟ್ಟ ಆ ಉದ್ದ ಸರಪಣಿಗಳನ್ನೂ ಅದು ಕತ್ತರಿಸಿ ತಿನ್ನುತ್ತದೆ, ಅದೂ ತಿಂಗಳುಗಟ್ಟಲೆ, ನಿಧಾನವಾಗಿ. ಬೆಲ್ಜಿಯಂನ ಸೇಸೋನ್ ಮಾದರಿಯ ಬಿಯರಿಗೆ ಮಾರುವ ಕೆಲವು ಯೀಸ್ಟುಗಳು ಈ ಬಗೆಯವು. ಎರಡನೆಯದು ಹಾಪ್ಸ್. ಹುದುಗಿದ ಬಿಯರಿಗೆ ಪರಿಮಳಕ್ಕೆಂದು ಹಸಿಯಾಗಿ ಹಾಪ್ಸ್ ಹಾಕಿದರೆ, ಅದರಲ್ಲಿರುವ ಕಿಣ್ವಗಳು ಅಷ್ಟಿಷ್ಟು ಸರಪಣಿ ಮುರಿದು ಯೀಸ್ಟಿಗೆ ಮತ್ತೆ ಬಡಿಸುತ್ತವೆ. ಇಂಗ್ಲೆಂಡಿನ ಬ್ರೌನ್ ಮತ್ತು ಮೋರಿಸ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು 1893ರಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಹಾಪ್ಸ್ ಹಾಕುವ ಮುಂಚೆ ತೆಗೆದ ಅಂಕಿಯನ್ನು ಹಿಡಿದು ಬಾಟಲಿ ತುಂಬುವಂತಿಲ್ಲ. ಹಾಕಿದ ಮೇಲೆ ಮತ್ತೆ ಅಳೆಯಬೇಕು.

ಇಷ್ಟು ಹೇಳಿದಾಗ ನಮ್ಮ ಊರಿನ ಮನೆಬಿಯರ್ ಗುಂಪಿನಲ್ಲಿ ತಪ್ಪದೆ ಬರುವ ಪ್ರತಿವಾದ: ‘ಸಾವಿರಾರು ವರ್ಷ ಜನ ಹೈಡ್ರೋಮೀಟರ್ ಇಲ್ಲದೆ ಬಿಯರ್ ಮಾಡಲಿಲ್ಲವೇ?’ ಮಾಡಿದರು. ಆದರೆ ಅವರು ಅದನ್ನು ಗಾಜಿನ ಬಾಟಲಿಗೆ ತುಂಬಿ, ಲೋಹದ ಮುಚ್ಚಳ ಒತ್ತಿ, ಮೆಟ್ಟಿಲಡಿಯ ಕಪಾಟಿನಲ್ಲಿ ಆರು ತಿಂಗಳು ಇಡಲಿಲ್ಲ. ಮಡಕೆಯಲ್ಲಿ ಮಾಡಿ, ಇನ್ನೂ ನೊರೆಯಾಡುತ್ತಿರುವಾಗಲೇ ಕುಡಿದು ಮುಗಿಸುತ್ತಿದ್ದರು. ಮರದಿಂದಿಳಿಸಿದ ಹೆಂಡವನ್ನು ನಮ್ಮಲ್ಲಿ ಅಂದಂದೇ ಕುಡಿಯುವಂತೆ. ಇಲ್ಲಿನ ಪಬ್ಬುಗಳಲ್ಲಿ ಈಗಲೂ ಪೀಪಾಯಿಯ ಬಿಯರಿಗೆ ಮೆತ್ತನೆ ಮರದ ಬೆಣೆಯೊಂದನ್ನು ಚುಚ್ಚಿರುತ್ತಾರೆ, ಹೆಚ್ಚಾದ ಅನಿಲ ಅದರ ಮೂಲಕ ಹೊರಹೋಗಲೆಂದು. ಹಳೆಯ ಪದ್ಧತಿಯಲ್ಲಿ ತಪ್ಪಿಗೆ ಹೊರದಾರಿ ಇತ್ತು. ಮುಚ್ಚಿದ ಗಾಜಿನಲ್ಲಿ ಇಲ್ಲ. ಹಿರಿಯರ ಪಾತ್ರೆಯನ್ನು ಬಿಟ್ಟು ಅವರ ಅಂದಾಜನ್ನು ಮಾತ್ರ ಎತ್ತಿಕೊಂಡು ಬಂದರೆ ಅದು ಪರಂಪರೆಯಾಗುವುದಿಲ್ಲ.

ಮುಚ್ಚಿದ ಗಾಜು ಮತ್ತು ಅಂದಾಜು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಶಾಂಪೇನ್ ನೆಲಮಾಳಿಗೆಗಳೇ ಸಾಕ್ಷಿ. ಅದು ದ್ರಾಕ್ಷಿಯದು, ಬಿಯರಲ್ಲ. ಆದರೆ ಬಾಟಲಿಯೊಳಗೆ ನಡೆಯುವುದು ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕೆಲಸಗಾರರು ಮುಖಕ್ಕೆ ಕಬ್ಬಿಣದ ತಂತಿಯ ಮುಖವಾಡ ಹಾಕಿಕೊಂಡು ಬಾಟಲಿಗಳ ನಡುವೆ ಓಡಾಡಬೇಕಿತ್ತು. ಅವರ ಯಜಮಾನರಿಗೆ ಅನುಭವ ಕಡಿಮೆಯಿತ್ತೇ? ತಲೆತಲಾಂತರದ ಅನುಭವವಿತ್ತು. 1836ರಲ್ಲಿ ಶಾಲೋನ್ ಪಟ್ಟಣದ ಜಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ ಎಂಬ ಔಷಧಿ ವ್ಯಾಪಾರಿ, ಬಾಟಲಿಗೆ ತುಂಬುವ ಮುಂಚೆ ವೈನಿನಲ್ಲಿ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆದು, ಎಷ್ಟು ಸೇರಿಸಬೇಕೆಂದು ಲೆಕ್ಕ ಹಾಕುವ ಕ್ರಮವನ್ನು ತೋರಿಸಿಕೊಟ್ಟ. ಬಾಟಲಿಗಳ ಸಿಡಿತ ಇಳಿಯತೊಡಗಿದ್ದು ಆ ಅಳತೆಯಿಂದ ಮತ್ತು ಮುಂದೆ ಬಂದ ಗಟ್ಟಿ ಗಾಜಿನಿಂದ. ಅಳತೆ ಬರುವ ತನಕ ಯಜಮಾನನ ಅಂದಾಜಿನ ದಂಡವನ್ನು ಕಟ್ಟಿದ್ದು ಕೂಲಿಯವನ ಮುಖ.

ಇಂಗ್ಲೆಂಡಿನಲ್ಲೂ ಅಳತೆ ಸುಲಭವಾಗಿ ಬರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಆಲ್ಟನ್ ಊರಿನ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಯುವಕ ತಂದೆಯ ಬಿಯರ್ ಕಾರ್ಖಾನೆಯಲ್ಲಿ ಥರ್ಮಾಮೀಟರನ್ನು ಅಪ್ಪನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಬಳಸಬೇಕಾಗಿತ್ತು. 1784ರಲ್ಲಿ ಜಾನ್ ರಿಚರ್ಡ್‌ಸನ್ ಬಿಯರಿಗೆಂದೇ ಹೈಡ್ರೋಮೀಟರ್ ಬಳಸುವ ಬಗೆಯನ್ನು ಪುಸ್ತಕವಾಗಿ ತಂದ. ಅಳೆದು ನೋಡಿದಾಗ, ಅಗ್ಗವೆಂದು ತಲೆಮಾರುಗಳಿಂದ ಬಳಸುತ್ತಿದ್ದ ಕಂದು ಮಾಲ್ಟಿನಲ್ಲಿ ಸಿಗುತ್ತಿದ್ದ ಸಕ್ಕರೆ ತೀರ ಕಡಿಮೆ, ದುಬಾರಿಯೆನಿಸಿದ್ದ ಬಿಳಿ ಮಾಲ್ಟೇ ನಿಜಕ್ಕೂ ಲಾಭ ಎಂಬುದು ಬಯಲಾಯಿತು. ಕೈಪಳಗಿದವರಿಗೆ ಅಳತೆ ಬೇಡವಾಗಲು ಇದೂ ಒಂದು ಕಾರಣ. ಅದು ಹಿರಿತನ ನೋಡುವುದಿಲ್ಲ.

ಈಗ ನಮ್ಮ ಸಾಹಿತ್ಯವಲಯದ ಕಡೆಗೆ ಬರುತ್ತೇನೆ, ಏಕೆಂದರೆ ಅಳತೆಯನ್ನು ಹೀಗಳೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಅಡುಗೆಯ ಬಗ್ಗೆ ಬರುವ ನಮ್ಮ ಪ್ರಬಂಧಗಳಲ್ಲಿ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ಅವಳು ತಕ್ಕಡಿ ಮುಟ್ಟುವುದಿಲ್ಲ, ಗಡಿಯಾರ ನೋಡುವುದಿಲ್ಲ, ಎಲ್ಲವೂ ಕೈಯಳತೆ, ಕಣ್ಣಳತೆ. ಅವಳ ಎದುರಿಗೆ ಚಮಚ ಹಿಡಿದು ನಿಂತ ಸೊಸೆ ಅಥವಾ ಮೊಮ್ಮಗಳು ಪೆದ್ದಿ. ಓದಿ ಮುಗಿಸಿದಾಗ ಅಳೆಯುವುದೇ ಏನೋ ಆಧುನಿಕ ಕಾಯಿಲೆ ಎನಿಸಬೇಕು, ಹಾಗೆ ಬರೆದಿರುತ್ತಾರೆ. ಇದು ಅಜ್ಜಿಯ ಮೇಲೆ ಹೊರಿಸಿದ ಸುಳ್ಳು ಆಪಾದನೆ. ಕಜ್ಜಾಯಕ್ಕೆ ಬೆಲ್ಲದ ಪಾಕ ಹಿಡಿಯುವವರನ್ನು ಗಮನಿಸಿ ನೋಡಿ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು, ಅದಕ್ಕೊಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉರುಳಿಸಿ, ಮೆತ್ತಗೆ ಉಂಡೆ ಕಟ್ಟಿತೇ ಎಂದು ನೋಡುತ್ತಾರೆ. ಕಟ್ಟದಿದ್ದರೆ ಇನ್ನೊಂದು ಕುದಿ, ಇನ್ನೊಂದು ತೊಟ್ಟು. ಚಿಕ್ಕಿಯದಾದರೆ ಆ ಉಂಡೆ ತಟ್ಟೆಗೆ ಹಾಕಿದಾಗ ಟಣ್ ಎನ್ನಬೇಕು. ಇದು ಅಂದಾಜಲ್ಲ, ಪರೀಕ್ಷೆ. ಪಾತ್ರೆಯಿಂದ ಮಾದರಿ ತೆಗೆದು, ಬೇರೆ ಕಡೆ ಪರೀಕ್ಷಿಸಿ, ಫಲಿತಾಂಶ ಬರುವ ತನಕ ಮುಂದಿನ ಹೆಜ್ಜೆ ಇಡದಿರುವುದು. ನಾನು ಹೈಡ್ರೋಮೀಟರಿನಿಂದ ಮಾಡುವುದೂ ಇದನ್ನೇ. ಅಜ್ಜಿ ನನ್ನ ಪಕ್ಷದವಳು. ‘ಹತ್ತು ನಿಮಿಷ ಆಯ್ತಲ್ಲ, ಇಳಿಸಿಬಿಡು’ ಎಂದಿದ್ದರೆ ಅವಳು ನಿಮ್ಮನ್ನು ಅಡುಗೆಮನೆಯಿಂದ ಓಡಿಸುತ್ತಿದ್ದಳು.

ಇದು ಸಾಹಿತ್ಯ ಪತ್ರಿಕೆಯಾದ್ದರಿಂದ ಇಲ್ಲಿಂದ ಮುಂದೆ ‘ಕವಿತೆಯೂ ಹೀಗೆಯೇ ಮಾಗಬೇಕು’ ಎನ್ನುವ ಸಾಲೊಂದನ್ನು ಕೆಲವರಾದರೂ ನಿರೀಕ್ಷಿಸುತ್ತಿರಬಹುದು. ಬರೆಯುವುದಿಲ್ಲ. ಮಾಗದ ಕವಿತೆ ಓದಿ ಯಾರ ಕಣ್ಣೂ ಹೋಗುವುದಿಲ್ಲ. ಎಲ್ಲವನ್ನೂ ರೂಪಕ ಮಾಡಿಕೊಳ್ಳುವ ನಮ್ಮ ಚಟಕ್ಕೆ ಕೆಲವು ಕಡೆಯಾದರೂ ಮುಚ್ಚಳ ಹಾಕಬೇಕು. ಇಲ್ಲಿ ಒತ್ತಡ ಎಂದರೆ ಒತ್ತಡ, ಗಾಜು ಎಂದರೆ ಗಾಜು.

ಒಮ್ಮೆ ಪರಿಚಯದವರೊಬ್ಬರು ಪ್ರೀತಿಯಿಂದ ಕೊಟ್ಟ ನಾಲ್ಕು ಬಾಟಲಿಗಳಲ್ಲಿ ಒಂದು ನಮ್ಮ ಮನೆಯ ಕಪಾಟಿನಲ್ಲಿ ರಾತ್ರಿ ಸಿಡಿಯಿತು. ಹತ್ತಿರ ಯಾರೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಗಾಜಿನ ಚೂರೊಂದು ಕಪಾಟಿನ ಬಾಗಿಲಿನ ಹಲಗೆಗೆ ಒಳಗಿನಿಂದ ನಾಟಿಕೊಂಡಿತ್ತು. ಲೇಬಲ್ಲಿನ ಮೇಲೆ ಅವರ ಕೈಬರಹದಲ್ಲಿ ತಯಾರಿಸಿದ ತಾರೀಖು, ತುಂಬಿದ ತಾರೀಖು ಎರಡೂ ಇದ್ದವು. ನಡುವೆ ಸರಿಯಾಗಿ ಹದಿನಾಲ್ಕು ದಿನ. ಕೇಳಿದಾಗ ‘ಇಷ್ಟು ವರ್ಷದಲ್ಲಿ ಹೀಗೆ ಆಗಿದ್ದೇ ಇಲ್ಲ’ ಎಂದರು. ನಿಜವೇ ಇರಬೇಕು. ಆದರೆ ಇಷ್ಟು ವರ್ಷ ಆಗದ್ದು ಅವರ ನಿಯಮದಿಂದಲ್ಲ, ಬೆಚ್ಚಗಿನ ಕೋಣೆ ಮತ್ತು ಚುರುಕಾದ ಯೀಸ್ಟಿನಿಂದ. ಅದೃಷ್ಟ ಒಳ್ಳೆಯದಿದ್ದಷ್ಟು ದಿನ ಅದೂ ಅನುಭವದ ಹಾಗೆಯೇ ಕಾಣುತ್ತದೆ.

‘ಇದು ಹವ್ಯಾಸ ಮಾರಾಯ, ಪ್ರಯೋಗಶಾಲೆ ಮಾಡಬೇಡ’ ಎಂದು ಗೆಳೆಯರು ಗೊಣಗುತ್ತಾರೆ. ಎಷ್ಟು ಕೆಲಸ ಇದೆ ನೋಡೋಣ. ಶುಚಿಗೊಳಿಸಿದ ನಳಿಕೆಯಿಂದ ಒಂದಿಷ್ಟು ಬಿಯರ್ ತೆಗೆಯುವುದು. ಎರಡು ಲೋಟಗಳ ನಡುವೆ ಕಾಫಿ ಆರಿಸುವ ಹಾಗೆ ನಾಲ್ಕು ಸಲ ಸುರಿದು ಅನಿಲ ಬಿಡಿಸುವುದು, ಇಲ್ಲವಾದರೆ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿ ಅದನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತವೆ. 20 ಡಿಗ್ರಿಯ ಹತ್ತಿರಕ್ಕೆ ಬಂದ ಮೇಲೆ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಅಂಕಿ ಓದುವುದು. ಬರೆದಿಡುವುದು. ಆ ಬಿಯರನ್ನು ಬಕೆಟ್ಟಿಗೆ ವಾಪಸು ಸುರಿಯದೆ ಕುಡಿದು ನೋಡುವುದು. ಒಟ್ಟು ಐದು ನಿಮಿಷ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ. ಬೆರೆಸುವ ಸಕ್ಕರೆಯನ್ನು ಚಮಚದಲ್ಲಿ ಎಣಿಸದೆ ತೂಕ ಮಾಡಬೇಕು. 20 ಲೀಟರಿಗೆ 120 ಗ್ರಾಂ, ಕುದಿನೀರಿನಲ್ಲಿ ಕರಗಿಸಿ, ಎಲ್ಲ ಕಡೆ ಸಮವಾಗಿ ಬೆರೆಯುವಂತೆ. ತೆಳು ಗಾಜಿನ ಬಾಟಲಿ ಬೇಡ. ಹೊಸಬರಾದರೆ ಸೋಡಾದ ಪ್ಲಾಸ್ಟಿಕ್ ಬಾಟಲಿಯೊಂದನ್ನೂ ಅದರ ಜೊತೆ ತುಂಬಿಸಿಡಿ. ಅದನ್ನು ದಿನಾ ಹಿಚುಕಿ ನೋಡಿದರೆ ಗಾಜಿನವುಗಳೊಳಗೆ ಏನಾಗುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ. ಕಲ್ಲಿನಂತಾಗಿ ಉಬ್ಬತೊಡಗಿದರೆ ಮಿಕ್ಕವುಗಳ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ದಪ್ಪ ಕೈಗವಸು, ಕಣ್ಣಿಗೆ ರಕ್ಷಣೆ ಹಾಕಿಕೊಂಡು, ತಣ್ಣಗಿನ ಜಾಗಕ್ಕೆ ಸಾಗಿಸಿ, ಚೆನ್ನಾಗಿ ತಣ್ಣಗಾದ ಮೇಲಷ್ಟೇ ಮುಚ್ಚಳ ಸಡಿಲಿಸಬೇಕು.

ಬಿಯರ್ ಹಾಳಾದರೆ ಅದು ಮಾಡಿದವನ ನಷ್ಟ. ಹುಳಿಯಾಯಿತು, ವಾಸನೆ ಬಂತು, ಮೋರಿಗೆ ಸುರಿದ, ಮುಗಿಯಿತು. ಅಂಥ ತಪ್ಪುಗಳನ್ನು ಎಷ್ಟು ಬೇಕಾದರೂ ಮಾಡಲಿ, ಕಲಿಯುವುದೇ ಹಾಗೆ. ಆದರೆ ಮುಚ್ಚಿದ ಬಾಟಲಿ ಮಾಡಿದವನ ಮನೆಯಲ್ಲೇ ಇರುವುದಿಲ್ಲ. ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೋಗುತ್ತದೆ. ಅದನ್ನು ಎತ್ತಿಕೊಳ್ಳುವವರಿಗೆ 1.012 ಎಂದರೇನು ಎಂದು ತಿಳಿದಿರಬೇಕಾಗಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ಆಡುವ ಮಗುವಿಗಂತೂ ಅಲ್ಲ. ಅವರ ಪರವಾಗಿ ತಿಳಿದುಕೊಳ್ಳುವ ಹೊಣೆ ಮುಚ್ಚಳ ಒತ್ತಿದವನದು.

ಆದ್ದರಿಂದ ನನ್ನದೊಂದು ನಿಯಮ, ಇದರಿಂದ ಕೆಲವರಿಗೆ ಬೇಸರವಾಗಿರುವುದೂ ಗೊತ್ತು. ಮನೆಯಲ್ಲಿ ಮಾಡಿದ ಬಿಯರನ್ನು ಯಾರೇ ಕೊಟ್ಟರೂ ನಾನು ಮೂರು ಅಂಕಿ ಕೇಳುತ್ತೇನೆ: ಶುರುವಿನದು, ಕೊನೆಯ ಎರಡು ಸಲ ಅಳೆದದ್ದು. ಮೂರೂ ಇದ್ದರೆ ಖುಷಿಯಿಂದ ತೆಗೆದುಕೊಂಡು, ಕುಡಿದು, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಹೇಳುತ್ತೇನೆ. ಬರೀ ತಾರೀಖು ಇದ್ದರೆ ಕೈಮುಗಿದು ವಾಪಸು ಕೊಡುತ್ತೇನೆ.